ರೇಷ್ಮೆಗೂಡಿನ ಹರಾಜು: ಪೈಪೋಟಿಯ ಲಾಭ ಪಡೆಯಿರಿ, ಪೆಟ್ಟು ತಪ್ಪಿಸಿ

ರಾಮನಗರದಂಥ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚುವವರು) ಒಬ್ಬರ ಮೇಲೊಬ್ಬರು ದರ ಏರಿಸಿದಷ್ಟೂ ರೈತನಿಗೆ ಲಾಭ. ಕೆಜಿಗೆ ₹20 ಏರಿದರೆ 50 ಕೆಜಿ ಲಾಟಿಗೆ ₹1000. ಆ ಪೈಪೋಟಿ ಶುರುವಾಗುವುದು ಚಂದ್ರಂಕಿಯಿಂದಲೇ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದಲೇ.

ಮಿಶ್ರತಳಿ ಗೂಡನ್ನು ಹುಳು ಹಣ್ಣಾಗಿ ಚಂದ್ರಂಕಿಗೆ ಬಿಟ್ಟ 5ನೇ ದಿನಕ್ಕಿಂತ ಮೊದಲು ಬಿಡಿಸಬೇಡಿ. ದ್ವಿತಳಿಗೆ (ಬೈವೋಲ್ಟೈನ್, ವರ್ಷಕ್ಕೆ ಎರಡು ಪೀಳಿಗೆಯ ತಳಿ) 7ರಿಂದ 8 ದಿನ ಬೇಕು. ಒಂದೆರಡು ಗೂಡು ಕತ್ತರಿಸಿ ನೋಡಿ: ಒಳಗಿನ ಕೋಶ (ಚಿಟ್ಟೆಯಾಗುವ ಮೊದಲಿನ ಹುಳುವಿನ ರೂಪ) ಕಂದು ಬಣ್ಣಕ್ಕೆ ತಿರುಗಿ ಚರ್ಮ ಗಟ್ಟಿಯಾಗಿರಬೇಕು. ಹಳದಿಯಾಗಿ ಮೆತ್ತಗಿದ್ದರೆ ಸಾಗಣೆಯಲ್ಲೇ ಒಡೆದು ಒಳಗಿನಿಂದ ಕಲೆಯಾಗುತ್ತದೆ. ಜಾಳು (ತೆಳುವಾದ), ಜಂಟಿ (ಎರಡು ಹುಳು ಸೇರಿ ಕಟ್ಟಿದ), ಕಲೆ ಬಿದ್ದ ಗೂಡುಗಳನ್ನು ಬೇರೆ ಮಾಡಿ. ಹತ್ತು ಕೆಟ್ಟ ಗೂಡು ಕಣ್ಣಿಗೆ ಬಿದ್ದರೆ ರೀಲರ್ ಇಡೀ ಲಾಟಿನ ದರ ಇಳಿಸುತ್ತಾರೆ. ಗೋಣಿಗೆ ಒತ್ತಿ ತುಂಬಬೇಡಿ, ತಂಪು ಹೊತ್ತಿನಲ್ಲಿ ಸಾಗಿಸಿ.

ದರ ಒಪ್ಪದಿದ್ದರೆ ಬೇಡವೆನ್ನಬಹುದು. ಆದರೆ ಗೂಡು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ, ಚಿಟ್ಟೆ ತೂತು ಕೊರೆದು ಹೊರಬಂದರೆ ನೂಲು ಬಿಚ್ಚಲು ಬರುವುದಿಲ್ಲ. ಕೊಳ್ಳುವವರಿಗೆ ಕಾಯುವ ಶಕ್ತಿಯಿದೆ, ಮಾರುವವರಿಗಿಲ್ಲ. ಈ ಪೈಪೋಟಿಯ ದೊಡ್ಡ ಅನ್ಯಾಯ ಇದೇ. ಆದ್ದರಿಂದ ಮನೆಯಲ್ಲೇ ಸೊಪ್ಪು, ಚಾಕಿ (ಎಳೆಹುಳು), ಕೂಲಿ, ಬಾಡಿಗೆಯ ಖರ್ಚು ಕೂಡಿಸಿ, ಬರುವ ಇಳುವರಿಯಿಂದ ಭಾಗಿಸಿ ಕನಿಷ್ಠ ದರ ಬರೆದುಕೊಂಡು ಹೊರಡಿ.

ಒಳ್ಳೆಯ ಲಾಟುಗಳೂ ಒಂದೇ ದರದಲ್ಲಿ ನಿಂತುಬಿಟ್ಟರೆ ಕೊಳ್ಳುವವರ ಒಳಒಪ್ಪಂದವಿರಬಹುದು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಇಂಥ ಕೂಟವನ್ನು ನಿಷೇಧಿಸುತ್ತದೆ. ಲಾಟ್ ಸಂಖ್ಯೆ, ಹೊತ್ತು, ದರ ಬರೆದಿಟ್ಟು ಮಾರುಕಟ್ಟೆ ಅಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.