1234567 ಹೋಗಿ 1234 ಆದ ಕಥೆ

ಬಿಲ್ ಪುಟದಲ್ಲಿ ಒಟ್ಟು ಮೊತ್ತ ತಪ್ಪು ಬರ್ತಿದೆ ಅಂತ ದೂರು ಬಂತು. ಕೋಡ್ ನಾನೇ ಬರೆದದ್ದು. ಸ್ಕ್ರೀನ್ ಮೇಲಿನ "1,234,567.50" ಎತ್ತಿಕೊಂಡು, ರಿಪ್ಲೇಸ್‌ನಿಂದ ಕಾಮಾ ತೆಗೆದು, ಅದನ್ನು ಸಂಖ್ಯೆಯಾಗಿಸುವ ಪಾರ್ಸ್‌ಫ್ಲೋಟ್‌ಗೆ ಕೊಟ್ಟಿದ್ದೆ. ಜಾವಾಸ್ಕ್ರಿಪ್ಟ್‌ನ ರಿಪ್ಲೇಸ್‌ಗೆ ಸುಮ್ನೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ಅದು ಮೊದಲ ಕಾಮಾವನ್ನಷ್ಟೇ ತೆಗೆಯುತ್ತದೆ. ಉಳಿದದ್ದು "1234,567.50". ಪಾರ್ಸ್‌ಫ್ಲೋಟ್ ಕಾಮಾ ಕಂಡಲ್ಲೇ ನಿಂತು 1234 ಕೊಟ್ಟಿತು. ಎರರ್ ಇಲ್ಲ, ಏನಿಲ್ಲ. ನಂಬರ್ ಫಂಕ್ಷನ್ ಬಳಸಿದ್ದರೆ ನ್ಯಾನ್ (ಇದು ಸಂಖ್ಯೆಯಲ್ಲ) ಅಂತಾದರೂ ಬರುತ್ತಿತ್ತು. ನಾನು ಟೆಸ್ಟ್ ಮಾಡಿದ್ದೆಲ್ಲ ಒಂದೇ ಕಾಮಾ ಇರುವ ಸಣ್ಣ ಮೊತ್ತಗಳು.

ಎಲ್ಲ ಕಾಮಾ ತೆಗೆದರೂ ಕೆಲಸ ಮುಗಿಯಲಿಲ್ಲ. ಜರ್ಮನ್ ಲೊಕೇಲ್‌ನಲ್ಲಿ, ಅಂದರೆ ಆ ಭಾಷೆ-ದೇಶದ ರೂಢಿಯಲ್ಲಿ, "1.234,56" ಅಂತ ಬರೆಯುತ್ತಾರೆ. ಕಾಮಾ ತೆಗೆದರೆ 1.23456! ಬರೀ "1.234" ನೋಡಿ ಅದು ಸಾವಿರದ ಲೆಕ್ಕವೋ, ಒಂದರ ಮೇಲೆ ಸ್ವಲ್ಪವೋ ಯಾರಿಗೂ ಹೇಳಲಾಗದು. ಹಾಗಾಗಿ ಸ್ಟ್ರಿಂಗ್ ಜೊತೆ ಲೊಕೇಲ್ ಬರಲೇಬೇಕು.

ಲೊಕೇಲ್‌ಗೆ ತಕ್ಕಂತೆ ಸಂಖ್ಯೆ ಬರೆದುಕೊಡುವ ಜಾವಾಸ್ಕ್ರಿಪ್ಟ್‌ನ ಇಂಟಲ್ ನಂಬರ್‌ಫಾರ್ಮ್ಯಾಟ್‌ನಲ್ಲಿ ಪಾರ್ಸ್, ಅಂದರೆ ಬರೆದದ್ದನ್ನು ಮತ್ತೆ ಸಂಖ್ಯೆಯಾಗಿಸೋದು, ಇಲ್ಲ. ಆದರೆ ಬರೆದ ಸಂಖ್ಯೆಯನ್ನು ಬಿಡಿ ಭಾಗಗಳಾಗಿ ಕೊಡುವ ಫಾರ್ಮ್ಯಾಟ್‌ಟುಪಾರ್ಟ್ಸ್ ಇದೆ. ಆಯಾ ಲೊಕೇಲ್‌ನಲ್ಲಿ ಒಂದು ಮಾದರಿ ಸಂಖ್ಯೆ ಕೊಟ್ಟು, ಗ್ರೂಪ್ ಚಿಹ್ನೆ (ಸಾವಿರಗಳನ್ನು ಬೇರ್ಪಡಿಸುವುದು) ಯಾವುದು, ಡೆಸಿಮಲ್ ಯಾವುದು ಅಂತ ಅದರಿಂದಲೇ ತಿಳಿದುಕೊಂಡೆ. ಮೊದಲು 1234.5 ಕೊಟ್ಟಿದ್ದೆ. ಸ್ಪ್ಯಾನಿಷ್‌ನಲ್ಲಿ ಗ್ರೂಪ್ ಸಿಗಲೇ ಇಲ್ಲ. ಅಲ್ಲಿ ನಾಲ್ಕಂಕಿಗೆ ಚಿಹ್ನೆ ಹಾಕುವುದಿಲ್ಲವಂತೆ! 12345.6 ಕೊಟ್ಟ ಮೇಲೆ ಸರಿಯಾಯಿತು. ಆಮೇಲೆ ಗ್ರೂಪ್ ಚಿಹ್ನೆ ತೆಗೆದು, ಡೆಸಿಮಲ್ ಚಿಹ್ನೆಯನ್ನು ಚುಕ್ಕೆ ಮಾಡಿಕೊಂಡೆ.

ಜಾಸ್ತಿ ಸತಾಯಿಸಿದ್ದು ಫ್ರೆಂಚ್. ಅಂಕಿಗಳ ನಡುವೆ ಇರೋದು ಸ್ಪೇಸ್ ತಾನೇ ಅಂತ ಸ್ಪೇಸ್‌ಬಾರ್ ಒತ್ತಿ ರಿಪ್ಲೇಸ್ ಬರೆದೆ. ಒಂದೂ ಹೋಗಲಿಲ್ಲ. ಕ್ಯಾರೆಕ್ಟರ್ ಕೋಡ್ ಪ್ರಿಂಟ್ ಮಾಡಿದಾಗ ಗೊತ್ತಾಯಿತು, ಅದು ನ್ಯಾರೋ ನೋ-ಬ್ರೇಕ್ ಸ್ಪೇಸ್, ಅಂದರೆ ಸಾಲು ಮುರಿಯಲು ಬಿಡದ ಬೇರೆಯೇ ಒಂದು ಸ್ಪೇಸ್. ಕಣ್ಣಿಗೆ ಎರಡೂ ಒಂದೇ. ಬಳಕೆದಾರರು ಟೈಪ್ ಮಾಡೋದು ಮಾಮೂಲಿ ಸ್ಪೇಸನ್ನೇ ಅಲ್ವಾ, ಅದಕ್ಕೆ ರೆಗೆಕ್ಸ್‌ನ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬ್ಯಾಕ್‌ಸ್ಲ್ಯಾಶ್ ಎಸ್ ಹಾಕಿ ಎಲ್ಲ ಬಗೆಯ ಸ್ಪೇಸನ್ನೂ ತೆಗೆದೆ. ಸ್ವೀಡಿಷ್‌ನ ಮೈನಸ್ ಕೂಡ ಕೀಬೋರ್ಡ್‌ನ ಹೈಫನ್ ಅಲ್ಲ, ಬೇರೆಯೇ ಕ್ಯಾರೆಕ್ಟರ್. ಅದನ್ನೂ ಬದಲಿಸಿಕೊಂಡೆ.

ಎಲ್ಲ ತೆಗೆದ ಮೇಲೆ ಅಂಕಿ, ಮೈನಸ್, ಒಂದು ಚುಕ್ಕೆ ಬಿಟ್ಟು ಬೇರೇನಾದರೂ ಉಳಿದಿದ್ದರೆ ಈಗ ನನ್ನ ಕೋಡ್ ಊಹೆ ಮಾಡಲ್ಲ. ಸೀದಾ ಎರರ್ ತೋರಿಸುತ್ತದೆ. ಮೊತ್ತವನ್ನು ಸೆಂಟ್, ಪೈಸೆಯಂಥ ಚಿಲ್ಲರೆಗೆ ಬದಲಿಸಲು 19.99 ಇಂಟು 100 ಮಾಡಿದರೆ ಜಾವಾಸ್ಕ್ರಿಪ್ಟ್‌ನಲ್ಲಿ 1998.9999999999998 ಬರುವುದರಿಂದ, ರೌಂಡ್ ಮಾಡಿ ಪೂರ್ಣಾಂಕವಾಗಿಯೇ ಇಟ್ಟುಕೊಳ್ಳುತ್ತೇನೆ.

ಬಿಲ್ ಪುಟದ ಒಟ್ಟು ಮೊತ್ತಕ್ಕೆ ಮಾತ್ರ ಈ ಪಾರ್ಸರ್ (ಮೇಲೆ ಹೇಳಿದ ಕೋಡ್) ಬಳಸಲೇ ಇಲ್ಲ. ಸರ್ವರ್‌ನಿಂದ ಬಂದ ಅಸಲಿ ಸಂಖ್ಯೆಯನ್ನು ಪುಟದಲ್ಲಿ ಕಣ್ಣಿಗೆ ಕಾಣದ ಡೇಟಾ ಆಟ್ರಿಬ್ಯೂಟ್‌ನಲ್ಲಿಟ್ಟು, ಅದನ್ನೇ ಕೂಡಿಸಿದೆ. ಪಾರ್ಸರ್ ಓಡೋದು ಬಳಕೆದಾರರು ಕೈಯಾರೆ ಟೈಪ್ ಮಾಡುವ ಒಂದೇ ಬಾಕ್ಸ್‌ಗೆ.