ಏರುವ ನೀರಿಗೊಂದು ಬಲೆ, ಇಳಿಯುವ ನೀರಿಗೊಂದು

ಕಾರವಾರ, ಹೊನ್ನಾವರದವರಿಗೆ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಳಿವೆಯಲ್ಲಿ ಬಲೆ ಬಿಡುವ ಹೊತ್ತನ್ನು ಅವರು ಅದನ್ನು ನೋಡಿಯೇ ಗೊತ್ತುಮಾಡುತ್ತಾರೆ. ಕೊಪ್ಪಳ ಜಿಲ್ಲೆಯ ನಮಗಿರುವುದು ಮುನಿರಾಬಾದಿನಿಂದ ಮೇಲಕ್ಕೆ ಹರಡಿದ ತುಂಗಭದ್ರಾ ಹಿನ್ನೀರು. ಇಲ್ಲಿ ನೀರು ಏರುವುದು ವರ್ಷಕ್ಕೊಂದೇ ಸಲ, ಇಳಿತ ಮಾತ್ರ ಹಿಂಗಾರಿನಿಂದ ಬೇಸಿಗೆಯ ಕೊನೆಯವರೆಗೆ. ಆದರೂ ಹರಿಗೋಲು ಇಳಿಸುವ ಮೊದಲು ನಾನು ಕೇಳುವ ಪ್ರಶ್ನೆ ಅವರದೇ: ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ?

ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಪತ್ರಿಕೆಯಲ್ಲಿ, ವಾಟ್ಸಾಪಿನಲ್ಲಿ ದಿನಾ ಬರುವ ಲೆಕ್ಕದಲ್ಲಿ ರೈತರು ಎಷ್ಟು ಟಿಎಂಸಿ ಇದೆ ಎಂದು ನೋಡುತ್ತಾರೆ, ಅವರಿಗೆ ಎರಡನೇ ಬೆಳೆಯ ಚಿಂತೆ. ನಾನು ನೋಡುವುದು ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ, ಆಮೇಲೆ ಒಳಹರಿವು. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ಸಾಕು, ನಮ್ಮಲ್ಲಿ ಹನಿ ಬೀಳದಿದ್ದರೂ ಕೆಲವೇ ದಿನಗಳಲ್ಲಿ ಕೆಂಪು ನೀರು ಬಂದು ಮುಟ್ಟುತ್ತದೆ.

ಹೊಸ ನೀರು ಬಂದಾಗ ಮೀನು ಮಡುವಿನಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಯಲಾಗಿದ್ದ ದಂಡೆಯಲ್ಲಿ ಹುಲ್ಲು ಬೆಳೆದಿರುತ್ತದೆ. ಅದು ಮುಳುಗುತ್ತ ಹೋದಂತೆ ಎರೆಹುಳು, ಹುಳಹುಪ್ಪಡಿ ಹೊರಬೀಳುತ್ತವೆ, ಅವುಗಳ ಹಿಂದೆ ಮೀನು ಮೊಣಕಾಲುದ್ದ ನೀರಿಗೂ ಬರುತ್ತದೆ. ಆಗ ಆಳದಲ್ಲಿ ಬಿಟ್ಟ ಬಲೆ ಬರಿದಾಗಿಯೇ ಮೇಲೆ ಬರುತ್ತದೆ. ಮೊಟ್ಟೆ ತುಂಬಿದ ಕಾಟ್ಲಾ, ರೋಹು ಹರಿವಿಗೆ ಎದುರಾಗಿ ಮೇಲೇರುವುದೂ ಇದೇ ದಿನಗಳಲ್ಲಿ. ಅವು ಏರುವ ಹಳ್ಳದ ಬಾಯಿಗೆ ಅಡ್ಡ ಬಲೆ ಕಟ್ಟುವುದೆಂದರೆ ಮುಂದಿನ ವರ್ಷದ ಮೀನನ್ನು ಈಗಲೇ ಕೊಂದಂತೆ. ನಾನು ಕಟ್ಟುವುದಿಲ್ಲ, ಕಟ್ಟುವವರೊಂದಿಗೆ ಜಗಳವನ್ನೂ ಆಡಿದ್ದೇನೆ.

ಮುಂಗಾರಿನ ಪಡುವಣ ಗಾಳಿಯನ್ನು ಬಹಳ ಜನ ಬೈಯುತ್ತಾರೆ. ನನಗೆ ಅದು ದಾರಿ ತೋರಿಸುತ್ತದೆ. ಗಾಳಿ ಮೇಲ್ನೀರನ್ನು ಎದುರು ದಂಡೆಗೆ ತಳ್ಳಿದಾಗ ನೀರಿನ ಮೇಲೆ ತೇಲುವ ಸೂಕ್ಷ್ಮ ಜೀವಿಗಳೂ ಅಲ್ಲಿಗೇ ಸೇರುತ್ತವೆ. ಕಾಟ್ಲಾ ಮೇಲ್ನೀರಿನಲ್ಲೇ ಮೇಯುವ ಮೀನು, ಹಾಗಾಗಿ ಅದೂ ಬರುತ್ತದೆ. ಸಣ್ಣ ಮೀನು ಕೂಡಿದಲ್ಲಿ ಬಾಳೆ ಮೀನು ಬೇಟೆಗೆ ಬರುತ್ತದೆ. ಗಾಳಿ ತಾಗದ ಮಗ್ಗುಲಲ್ಲಿ ಕೆಲಸ ಸಲೀಸು, ಮೀನು ಕಡಿಮೆ. ತೊಂದರೆಯೆಂದರೆ ಹರಿಗೋಲು ದುಂಡಗಿರುವುದು, ಅಲೆಗೆ ಸಿಕ್ಕರೆ ತಿರುಗುತ್ತ ಹೋಗುತ್ತದೆ, ಹುಟ್ಟಿನ ಮಾತು ಕೇಳುವುದಿಲ್ಲ. ಅದಕ್ಕೇ ಬೆಳಗಿನ ಜಾವ ಗಾಳಿ ಸಡಿಲವಾದಾಗ ಬಲೆ ಬಿಟ್ಟು ದಡ ಸೇರಿಬಿಡುತ್ತೇನೆ. ನೀರಿನ ಬಣ್ಣ ಕಪ್ಪಾಗುವಂತೆ ಗಾಳಿಯ ಪಟ್ಟೆಯೊಂದು ದೂರದಿಂದ ಬರುವುದು ಕಂಡರೆ ಎಂಥ ಮೀನು ಬಿದ್ದಿದ್ದರೂ ಬಲೆ ಅಲ್ಲೇ ಬಿಡಬೇಕು.

ಚಂದ್ರ ನಮ್ಮ ನೀರನ್ನು ಎತ್ತುವುದಿಲ್ಲ, ನಿಜ. ಆದರೆ ಹುಣ್ಣಿಮೆಯ ಆಸುಪಾಸು ನೀರು ತಿಳಿಯಾಗಿದ್ದರೆ ಮೀನಿಗೆ ಬಲೆ ಕಾಣುತ್ತದೆ. ಅಮಾವಾಸ್ಯೆಯ ಕತ್ತಲು, ಜತೆಗೆ ಕೆಂಪು ನೀರು, ನನಗೆ ಅದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ.

ಇಳಿತದ ಬೇಟೆ ಬೇರೆಯೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ, ತುಂಬಿದ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಡಬೇಕಾಯಿತು. ತಿಂಗಳುಗಳಲ್ಲಿ ಆಗುವ ಇಳಿತ ದಿನಗಳಲ್ಲಿ ಆಯಿತು. ದೊಡ್ಡ ಮೀನು ಮೊದಲೇ ಆಳಕ್ಕೆ ಸರಿದಿದ್ದವು, ದಂಡೆಯ ಹೊಂಡಗಳಲ್ಲಿ ಉಳಿದದ್ದು ಮರಿಗಳು. ಬಕೆಟ್ಟಿನಲ್ಲಿ ಹಿಡಿದು ಹಿನ್ನೀರಿಗೆ ಬಿಟ್ಟೆವು. ಮಾಮೂಲಿ ವರ್ಷದಲ್ಲಿ ಇಳಿತ ನಿಧಾನ, ಆಗ ತಗ್ಗುಗಳು ಮಡುವಿಗೆ ಸೇರುವ ಜಾಗದಲ್ಲಿ ಬಲೆ ಬಿಟ್ಟರೆ ಹಿಂದೆ ಸರಿಯುವ ಮೀನು ಸಿಗುತ್ತದೆ.

ಚಳಿಗಾಲದಲ್ಲಿ ಬಿಸಿಲೇರಿದ ಮೇಲೆಯೇ ಹೊರಡುತ್ತೇನೆ. ಬೇಸಿಗೆಯಲ್ಲಿ ನೀರು ಕುಗ್ಗಿ ಹಸಿರಾಗುತ್ತದೆ. ಗಾಳಿಯಿಲ್ಲದೆ ಮೋಡ ಕವಿದ ರಾತ್ರಿ ಕಳೆದು ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕ ತೀರಿದೆ. ಅಂದು ಗಾಳಕ್ಕೆ ಏನೇ ಕಟ್ಟಿದರೂ ಮೂಸುವುದಿಲ್ಲ. ಅಡ್ಡಮಳೆಯೊಂದು ಬಂದು ನೀರನ್ನು ಕಲಕಿದ ಮಾರನೆಯ ದಿನ ಹೋಗಬೇಕು. ಆ ದಿನಗಳಲ್ಲಿ ನಾನು ದೊಡ್ಡ ಕಣ್ಣಿನ ಬಲೆಯನ್ನಷ್ಟೇ ಒಯ್ಯುತ್ತೇನೆ, ಏಕೆಂದರೆ ಕುಗ್ಗಿದ ನೀರಿನಲ್ಲಿ ಮರಿಗಳಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.