ಸಿಡಿಲಿನ ಊರಿನಲ್ಲಿ ಮನೆ ಸರ್ವರ್: ನನ್ನ ಅನುಭವ

ಮನೆಯಲ್ಲೇ ಒಂದು ಸರ್ವರ್, ಅಂದರೆ ಹಗಲೂ ರಾತ್ರಿ ಓಡುತ್ತ ಮನೆಯ ಕಡತಗಳನ್ನು ಕಾಪಾಡುವ ಕಂಪ್ಯೂಟರ್, ಇಡಬೇಕು ಅಂತ ಆಸೆಪಟ್ಟವರು ಮೊದಲು ಕೇಳುವುದು ಯಾವ ಪ್ರೊಸೆಸರ್, ಎಷ್ಟು ಜಿಬಿ ರ‍್ಯಾಮ್ ಅಂತ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇರುವವರು ಹಾಗೆ ಕೇಳಿದರೆ ನಡೆಯುತ್ತದೆ. ನಾನಿರುವುದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ. ಇಲ್ಲಿ ಮೊದಲು ಕರೆಂಟು, ಆಮೇಲೆ ಅರ್ಥಿಂಗ್, ಆಮೇಲೆ ಡಿಸ್ಕು. ಪ್ರೊಸೆಸರ್ ಮಾತು ಕಟ್ಟಕಡೆಗೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ, ಜೂನ್‌ನಿಂದ ಶುರುವಾಗುವ ಥಂಡಿ, ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಬಾರದ ಕರೆಂಟು, ಇಷ್ಟನ್ನೂ ತಾಳಿಕೊಳ್ಳುವ ಹಾಗೆ ಕಟ್ಟದಿದ್ದರೆ ದುಡ್ಡು ನೀರಿಗೆ ಹಾಕಿದಂತೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ, ಅಪ್ಪಯ್ಯ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್ಟುಗಳು. ಟೇಪು ಅಂಟಿಕೊಳ್ಳಲು ಶುರುವಾಗಿತ್ತು. ಅವನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಎಲ್ಲಿಡುವುದು ಅನ್ನುವ ಪ್ರಶ್ನೆ ಬಂತು. ಜತೆಗೆ ಮನೆಮಂದಿಯ ಫೋಟೊ, ಪಹಣಿ, ಕಂದಾಯದ ರಶೀದಿ, ಅಂಗಳದ ಕ್ಯಾಮೆರಾ ರೆಕಾರ್ಡಿಂಗ್. ತಿಂಗಳ ಬಾಡಿಗೆಗೆ ಜಾಗ ಕೊಡುವ ಕಂಪನಿಗಳ ಹತ್ತಿರ ಇದನ್ನೆಲ್ಲ ಇಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಇಂಟರ್ನೆಟ್ ಇಲ್ಲದ ಮಳೆಗಾಲದ ರಾತ್ರಿಯಲ್ಲೂ ಅಪ್ಪಯ್ಯ ಒಂದು ಪ್ರಸಂಗ ಕೇಳಬೇಕು ಅಂದರೆ ಅದು ಮನೆಯೊಳಗೇ ಇರಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡೇಟಾ ಸೆಂಟರ್‌ಗಳಿಂದ ಹೊರಬಿದ್ದ ದೊಡ್ಡ ಸರ್ವರ್‌ಗಳೂ ಸಿಗುತ್ತವೆ, ಕಚೇರಿಗಳಿಂದ ಹೊರಬಿದ್ದ ಡೆಸ್ಕ್‌ಟಾಪ್‌ಗಳೂ ಸಿಗುತ್ತವೆ. ದೊಡ್ಡ ಸರ್ವರ್ ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಆದರೆ ಎರಡು ಪ್ರೊಸೆಸರ್ ಕೂರುವ ಹಳೇ ಯಂತ್ರ ಸುಮ್ಮನೆ ಕೂತಾಗಲೂ ನೂರು ವ್ಯಾಟ್ ಮೇಲೇ ಎಳೆಯುತ್ತದೆ. ನೂರು ವ್ಯಾಟ್ ಅಂದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗಿರುವ ಮನೆಗೆ ಇದು ಸಣ್ಣ ಮಾತಲ್ಲ. ಮಿತಿ ದಾಟಿದ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಹಾಗಾಗಿ ಎಂಟನೇ ತಲೆಮಾರಿನ ಐ5-8500 ಇರುವ ಸೆಕೆಂಡ್‌ಹ್ಯಾಂಡ್ ಎಚ್‌ಪಿ ಎಲೈಟ್‌ಡೆಸ್ಕ್ 800 ತಂದೆ. ಒಳಗೆ ಎರಡು 3.5 ಇಂಚಿನ ಹಾರ್ಡ್‌ಡಿಸ್ಕ್ ಕೂರುತ್ತವೆ, ಜತೆಗೆ ಎನ್‌ವಿಎಂಇ ಅನ್ನುವ ಪುಟ್ಟ ವೇಗದ ಡಿಸ್ಕು. ಎರಡೂ ಡಿಸ್ಕು ತಿರುಗುತ್ತಿದ್ದರೂ ಕೆಲಸವಿಲ್ಲದಾಗ 25 ವ್ಯಾಟ್ ಆಸುಪಾಸು. ಕ್ಯಾಮೆರಾಗಳ ಪಿಒಇ ಸ್ವಿಚ್ (ನೆಟ್‌ವರ್ಕ್ ತಂತಿಯಲ್ಲೇ ಕರೆಂಟನ್ನೂ ಕಳಿಸುವಂಥದ್ದು), ರೂಟರ್, ಫೈಬರ್ ಪೆಟ್ಟಿಗೆ ಎಲ್ಲ ಸೇರಿ 60 ವ್ಯಾಟ್, ಅಂದರೆ ತಿಂಗಳಿಗೆ 43 ಯೂನಿಟ್.

ರ‍್ಯಾಕ್ 9 ಯೂ ಎತ್ತರದ್ದು, ಈ ಪೆಟ್ಟಿಗೆಗಳನ್ನೆಲ್ಲ ಜೋಡಿಸಿಡಲು ಗೋಡೆಗೆ ತೂಗುಹಾಕುವ ಚೌಕಟ್ಟು. ಯೂ ಅನ್ನುವುದು ಅದರ ಎತ್ತರದ ಅಳತೆ, ಒಂದು ಯೂ ಅಂದರೆ 44.45 ಮಿಲಿಮೀಟರ್. ಡೆಸ್ಕ್‌ಟಾಪ್ ಅಡ್ಡ ಮಲಗಿಸಿದರೂ ಅದರ ಹತ್ತು ಸೆಂಟಿಮೀಟರ್ ಎತ್ತರಕ್ಕೆ ಮೂರು ಯೂ ಜಾಗ ಬಿಡಬೇಕಾಗುತ್ತದೆ. ಅಟ್ಟದಲ್ಲಿಟ್ಟರೆ ಬೇಸಿಗೆಯಲ್ಲಿ ಹೆಂಚಿನ ಕಾವು ನೇರ ಹೊಡೆಯುತ್ತದೆ. ನಡುಮನೆಯ ಒಳಗೋಡೆಯೇ ಸರಿ. ಹೊರಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಅದಕ್ಕೆ ಏನನ್ನೂ ಆನಿಸಬಾರದು.

ಈಗ ಕರೆಂಟಿನ ಮಾತು. ನಮ್ಮ ಕಡೆಯ ಎಲ್ಲ ಮನೆಗಳಂತೆ ನಮ್ಮಲ್ಲೂ 150 ಎಎಚ್ ಟ್ಯೂಬ್ಯುಲಾರ್ ಬ್ಯಾಟರಿಯ ಇನ್ವರ್ಟರ್ ಇದೆ. ಅದರ ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ಚು ಇರುತ್ತದೆ, ಯುಪಿಎಸ್ ಅಂತ ಒಂದು ಕಡೆ, ನಾರ್ಮಲ್ ಅಂತ ಇನ್ನೊಂದು ಕಡೆ. ಬಹಳ ಮನೆಗಳಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ದಾಟಲು 40 ಮಿಲಿಸೆಕೆಂಡ್‌ವರೆಗೂ ಹಿಡಿಯಬಹುದು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಮಾತ್ರ ತುಂಬು ಹೊರೆಯಲ್ಲಿ 16–17 ಮಿಲಿಸೆಕೆಂಡ್ ತಡೆದುಕೊಂಡರೆ ಹೆಚ್ಚು. ಯುಪಿಎಸ್ ಕಡೆ ಹಾಕಿದರೆ ಹತ್ತು ಹದಿನೈದು ಮಿಲಿಸೆಕೆಂಡಿಗೆ ದಾಟುತ್ತದೆ, ಸರ್ವರ್ ನಿಲ್ಲದೆ ಓಡುತ್ತಿರುತ್ತದೆ.

ಅದಕ್ಕೊಂದು ಬೆಲೆಯಿದೆ. ಯುಪಿಎಸ್ ಕಡೆ ಇದ್ದಾಗ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟ್ ನಡುವಿನ ಕರೆಂಟನ್ನಷ್ಟೇ ಒಪ್ಪಿಕೊಳ್ಳುತ್ತದೆ. ತೋಟಕ್ಕೆ ನೀರು ಬಿಡುವ ಹೊತ್ತಿಗೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಲೈನಿನಲ್ಲಿ ಕರೆಂಟಿದೆ, ಆದರೂ ಮನೆ ಬ್ಯಾಟರಿ ಮೇಲೆ ಓಡುತ್ತಿರುತ್ತದೆ. ಇನ್ವರ್ಟರಿಗೆ ಮುಂಚೆ ಒಂದು ಸ್ಟೆಬಿಲೈಜರ್ ಕೂರಿಸಿದ ಮೇಲೆ ಇದು ನಿಂತಿತು. ಸೈನ್ ವೇವ್ ಇನ್ವರ್ಟರ್ ಬಿಟ್ಟು ಬೇರೆಯದರ ಮೇಲೆ ಸರ್ವರ್ ಓಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಗಟ್ಟಿ. ಅಂಗಡಿಯಲ್ಲಿ ಸಿಗುವ ಕಂಪ್ಯೂಟರ್ ಯುಪಿಎಸ್‌ಗೆ ಯುಎಸ್‌ಬಿ ಇರುತ್ತದೆ, 'ಕರೆಂಟು ಹೋಯಿತು, ಬ್ಯಾಟರಿ ಇಷ್ಟಿದೆ' ಅಂತ ಸರ್ವರಿಗೆ ಹೇಳುತ್ತದೆ. ಮನೆ ಇನ್ವರ್ಟರಿಗೆ ಬಾಯಿಯೇ ಇಲ್ಲ. ಬ್ಯಾಟರಿ ಪೂರ್ತಿ ಇಳಿದು ಸರ್ವರ್ ಒಮ್ಮೆಲೇ ಸಾಯುವ ತನಕ ಅದಕ್ಕೇನೂ ತಿಳಿಯುವುದಿಲ್ಲ. ನಾನು ಮಾಡಿಕೊಂಡ ಉಪಾಯ ಹೀಗಿದೆ: ಇನ್ವರ್ಟರ್ ಲೈನಿಗೆ ಸೇರದ ಒಂದು ಸಾಕೆಟ್ಟಿಗೆ ಹಳೇ ವೈಫೈ ರೂಟರ್ ಹಾಕಿ ಅದಕ್ಕೊಂದು ವಿಳಾಸ ಕೊಟ್ಟೆ. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡುತ್ತದೆ, ಅಂದರೆ 'ಇದ್ದೀಯಾ' ಅಂತ ಕೂಗಿ ನೋಡುತ್ತದೆ. ಹತ್ತು ನಿಮಿಷ ಓಗೊಡಲಿಲ್ಲ ಅಂದರೆ ಕರೆಂಟು ಹೋಗಿದೆ ಅಂತ ಅರ್ಥ. ಆಗ ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲುತ್ತದೆ. ಮೂರು ಗಂಟೆ ದಾಟಿದರೆ ಸರ್ವರ್ ಒಂದೊಂದೇ ಕೆಲಸ ಮುಗಿಸಿ ತಾನೇ ಮಲಗುತ್ತದೆ. ಉಳಿದ ಬ್ಯಾಟರಿ ಮನೆಯ ದೀಪಕ್ಕೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಮಾತ್ರ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಬೇರೆಯೇ ಇದೆ.

ಮಲಗಿದ್ದನ್ನು ಎಬ್ಬಿಸುವುದು ಹೇಗೆ? ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ 'ಕರೆಂಟು ಬಂದಾಗ ತಾನೇ ಶುರುವಾಗು' ಅನ್ನುವ ಆಯ್ಕೆ ಇರುತ್ತದೆ, ಎಲ್ಲರೂ ಅದನ್ನೇ ನಂಬುತ್ತಾರೆ. ಆದರೆ ಇನ್ವರ್ಟರ್ ಇನ್ನೂ ಓಡುತ್ತಿದ್ದರೆ ಸರ್ವರಿನ ಪ್ಲಗ್ಗಿನಲ್ಲಿ ಕರೆಂಟು ಹೋಗಿಯೇ ಇಲ್ಲವಲ್ಲ! ಹಾಗಾಗಿ ಅದು ಬೆಳಗಾದರೂ ಮಲಗೇ ಇರುತ್ತದೆ. ನನ್ನ ಮುಖ್ಯ ರೂಟರಿನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ. ಅದೂ ಆ ಹಳೇ ರೂಟರನ್ನು ಪಿಂಗ್ ಮಾಡುತ್ತಿರುತ್ತದೆ. ಅದು ಸತತ ಕಾಲು ಗಂಟೆ ಓಗೊಟ್ಟರೆ ಮುಖ್ಯ ರೂಟರು ಸರ್ವರಿಗೆ ವೇಕ್-ಆನ್-ಲ್ಯಾನ್, ಅಂದರೆ ನೆಟ್‌ವರ್ಕ್ ಮೂಲಕ ಎಬ್ಬಿಸುವ ಸಂಕೇತ, ಕಳಿಸುತ್ತದೆ. ಕಾಲು ಗಂಟೆ ಯಾಕೆ ಅಂದರೆ, ಮಳೆಯಲ್ಲಿ ಕರೆಂಟು ಬಂದು ಹೋಗಿ ಬಂದು ಹೋಗಿ ಆಡುವುದು ಇಲ್ಲಿ ಮಾಮೂಲು. ಇಡೀ ರ‍್ಯಾಕಿನಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಕೆಲಸ ಈ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟು.

ಸಿಡಿಲಿಗೆ ಮಾತ್ರ ಸ್ಕ್ರಿಪ್ಟಿಲ್ಲ, ಅಲ್ಲಿ ಮಣ್ಣು ತಾಮ್ರವೇ ಬೇಕು. ನಮ್ಮದು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಒಣಗಿತೆಂದರೆ ಅರ್ಥ್ ರೆಸಿಸ್ಟೆನ್ಸ್ ಏರುತ್ತದೆ, ಸಿಡಿಲು ಬರುವುದೂ ಆಗಲೇ. ಊರಿನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿ, "ಅರ್ಥಿಂಗ್ ಸಮ ಇಲ್ದೆ ಎಷ್ಟು ದುಡ್ಡಿನ ಪೆಟ್ಟಿಗೆ ತಂದ್ರೂ ಅಷ್ಟೇ ಮಾರಾಯ್ರೇ" ಅಂದರು. ಎರಡು ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ಪದರ ಪದರ ತುಂಬಿ, ಎರಡನ್ನೂ ಒಂದಕ್ಕೊಂದು ಜೋಡಿಸಿದರು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಅದಕ್ಕೆ ನೀರು ಹೊಯ್ಯುವುದು ಮನೆಗೆಲಸದಲ್ಲೇ ಸೇರಿಹೋಗಿದೆ. ರ‍್ಯಾಕಿಗೆ ಅಂತ ಪ್ರತ್ಯೇಕ ಅರ್ಥ್ ಮಾಡಿ ಅದನ್ನು ಮನೆಯ ಅರ್ಥಿಗೆ ಸೇರಿಸದೆ ಬಿಡುವವರಿದ್ದಾರೆ. ಅದು ಅಪಾಯ. ಸಿಡಿಲು ಹತ್ತಿರ ಬಿದ್ದಾಗ ಎರಡು ಅರ್ಥ್‌ಗಳ ನಡುವೆ ಹುಟ್ಟುವ ವೋಲ್ಟೇಜು ನಮ್ಮ ಪೆಟ್ಟಿಗೆಗಳ ಮೂಲಕವೇ ಹಾಯುತ್ತದೆ. ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ಏರಿದ ವೋಲ್ಟೇಜನ್ನು ಅರ್ಥಿಗೆ ಹಾಯಿಸುವ ಸಾಧನ) ಹಾಕಿಸಿದೆ. ಅದರ ಪುಟ್ಟ ಕಿಟಕಿ ಹಸಿರಿದ್ದರೆ ಜೀವಂತ, ಕೆಂಪಾದರೆ ಬದಲಿಸಬೇಕು.

ಇಷ್ಟು ಮಾಡಿದರೂ ಒಂದು ದಾರಿ ತೆರೆದೇ ಇರುತ್ತದೆ: ಅಂಗಳದಾಚೆ ಅಡಿಕೆ ಸುಲಿಯುವ ಚಪ್ಪರದವರೆಗೆ ಎಳೆದ ನೆಟ್‌ವರ್ಕ್ ಕೇಬಲ್. ಸಿಡಿಲು ನೇರ ಬೀಳಬೇಕಾಗಿಲ್ಲ, ಹತ್ತಿರದ ತೆಂಗಿಗೆ ಬಿದ್ದರೂ ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ ಸ್ವಿಚ್ಚಿನ ಪೋರ್ಟಿಗೆ ನುಗ್ಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಗೆ ಫೈಬರ್ ಹಾಕಿದೆ, ಎರಡು ತುದಿಗೂ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನೂ ತಾಮ್ರದ ಸಂಕೇತವನ್ನೂ ಒಂದರಿಂದೊಂದಕ್ಕೆ ಬದಲಿಸುವ ಪೆಟ್ಟಿಗೆ. ಕೇಬಲ್ ಟಿವಿಯವರು ಮನೆಗೆ ಎಳೆಯುವ ಚಪ್ಪಟೆ ಫೈಬರನ್ನೇ ಬಳಸಬಹುದು, ಆದರೆ ಒಂದು ವಿಷಯ ಗಮನಿಸಬೇಕು. ಅದರ ಒಂದು ಅಂಚಿನಲ್ಲಿ ಭಾರ ಹೊರುವ ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ರ‍್ಯಾಕಿನವರೆಗೆ ತಂದರೆ ಗಾಜಿನ ಜತೆಗೆ ಲೋಹವನ್ನೂ ಒಳಗೆ ಕರೆದಂತೆ. ಸೂರಿನ ಹೊರಗೇ ಕತ್ತರಿಯಿಂದ ಆ ತಂತಿಯನ್ನು ಸೀಳಿ ಬಿಡಿಸಿ, ಅಲ್ಲೇ ಕೊಕ್ಕೆಗೆ ಕಟ್ಟಿ, ಉಳಿದದ್ದನ್ನಷ್ಟೇ ಒಳಗೆ ತರಬೇಕು. ಒಳಗಿನ ಸಣ್ಣ ಬಲತಂತಿಯೂ ಉಕ್ಕಿನದಲ್ಲದ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕೇಬಲ್ ಕೇಳಿ ತರುವುದು ಇನ್ನೂ ಒಳ್ಳೆಯದು. ಕನೆಕ್ಟರ್ ಬಣ್ಣವನ್ನೂ ನೋಡಿಕೊಳ್ಳಿ: ಇಂಟರ್ನೆಟ್ ಪೆಟ್ಟಿಗೆಗೆ ಬರುವುದು ಹಸಿರು, ಓರೆಯಾಗಿ ಉಜ್ಜಿದ ತುದಿ, ಮೀಡಿಯಾ ಕನ್ವರ್ಟರ್‌ಗಳದ್ದು ಸಾಮಾನ್ಯವಾಗಿ ನೀಲಿ, ನೇರ ತುದಿ. ಹಸಿರಿಗೆ ನೀಲಿ ಕೂರಿಸಿದರೆ ಬೆಳಕು ಸೋರುತ್ತದೆ, ತುದಿಯೂ ಹಾಳಾಗುತ್ತದೆ.

ಮನೆಯೊಳಗೆ ಕ್ಯಾಟ್ 6 ದರ್ಜೆಯ ತಾಮ್ರದ ನೆಟ್‌ವರ್ಕ್ ಕೇಬಲ್ ಸಾಕು. ತರುವಾಗ ಅಂಗಡಿಯಲ್ಲೇ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ತೆಗೆದ ಮೇಲೆ ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಪಿಒಇ ಕ್ಯಾಮೆರಾಗಳಿಗೆ ಅದನ್ನು ಬಳಸಿದರೆ ತಂತಿ ಬಿಸಿಯಾಗುತ್ತದೆ, ವೋಲ್ಟೇಜೂ ಕುಸಿಯುತ್ತದೆ. 10 ಗಿಗಾಬಿಟ್‌ಗೆ ಏರಿಸು ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ಒಂದು ಗಿಗಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 110 ಎಂಬಿ, ಒಂದು ಪ್ರಸಂಗದ ಆಡಿಯೊ ಎರಡು ಮೂರು ಸೆಕೆಂಡಿಗೆ ಬರುತ್ತದೆ. ಆ ದುಡ್ಡು ಬ್ಯಾಟರಿಗೆ ಹಾಕುವುದು ಮೇಲು.

ಥಂಡಿಯ ವಿಷಯದಲ್ಲಿ ಜನ ಮಾಡುವುದು ತಲೆಕೆಳಗು. ಮಳೆಗಾಲದಲ್ಲಿ ಆಫ್ ಮಾಡಿಟ್ಟರೆ ಸುರಕ್ಷಿತ ಅಂದುಕೊಳ್ಳುತ್ತಾರೆ. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ; ತಿಂಗಳುಗಟ್ಟಲೆ ಆರಿಸಿಟ್ಟದ್ದಕ್ಕೇ ಬೂಷ್ಟು ಹಿಡಿದು ಕನೆಕ್ಟರುಗಳು ಹಸಿರುಗಟ್ಟುತ್ತವೆ. ಹಲ್ಲಿ, ಇರುವೆಗಳೂ ಬಿಸಿ ಹುಡುಕಿಕೊಂಡು ಬರುತ್ತವೆ. ಹಲ್ಲಿ ಬೋರ್ಡಿನ ಮೇಲೆ ಅಡ್ಡ ಮಲಗಿದರೆ ಶಾರ್ಟ್ ಆಗಬಹುದು. ರ‍್ಯಾಕಿನ ಗಾಳಿಕಿಂಡಿಗಳಿಗೆಲ್ಲ ಸೊಳ್ಳೆ ಪರದೆಯ ಸ್ಟೀಲ್ ಜಾಳಿಗೆ ಅಂಟಿಸಿದ್ದೇನೆ.

ಸಾಫ್ಟ್‌ವೇರ್ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಚುಟುಕಾಗಿ ಹೇಳುತ್ತೇನೆ. ಎಲ್ಲಕ್ಕೂ ತಳಪಾಯವಾಗಿ ಪ್ರಾಕ್ಸ್‌ಮಾಕ್ಸ್, ಎರಡು ಡಿಸ್ಕೂ ಝೆಡ್‌ಎಫ್‌ಎಸ್ ಮಿರರ್, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ಫೋಟೊಗಳಿಗೆ ಇಮ್ಮಿಚ್, ತಾಳಮದ್ದಳೆಗೆ ನ್ಯಾವಿಡ್ರೋಮ್. ಪ್ರಸಂಗ, ಭಾಗವತರು, ಅರ್ಥಧಾರಿಗಳ ಹೆಸರನ್ನೆಲ್ಲ ಕನ್ನಡದಲ್ಲೇ ತುಂಬಿದ್ದೇನೆ, ಹುಡುಕಿದರೆ ಸಿಗುತ್ತದೆ. ಕಾಗದಪತ್ರಕ್ಕೆ ಪೇಪರ್‌ಲೆಸ್, ಇದು ಸ್ಕ್ಯಾನ್ ಮಾಡಿದ ಹಾಳೆಯ ಅಕ್ಷರಗಳನ್ನು ಓದುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಕನ್ನಡ ಭಾಷೆಯನ್ನು ನಾವೇ ಸೇರಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಅಚ್ಚಾದ ಪಹಣಿಯನ್ನು ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ, ಆದರೂ ಸರ್ವೆ ನಂಬರ್ ಕೊಟ್ಟರೆ ಆ ಹಾಳೆ ಎದುರಿಗೆ ಬರುತ್ತದೆ. ಕೈಬರಹದ ಹಳೇ ಪತ್ರಗಳನ್ನು ಓದುವುದಿಲ್ಲ. ಅವಕ್ಕೆ ಹೆಸರು, ಇಸವಿ ನಾನೇ ಬರೆದಿಟ್ಟಿದ್ದೇನೆ.

ಹೊರಗಿನಿಂದ ಮನೆಗೆ ತಲುಪುವುದಕ್ಕೆ ಅಡ್ಡಿಯಾಗುವುದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡು. ರೂಟರಿನ ಹೊರ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಸರ್ವರಿಗೆ ರೂಟರಿನಲ್ಲಿ ದಾರಿ ಬಿಟ್ಟು) ಪ್ರಯೋಜನವಿಲ್ಲ. ನಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೈಲ್‌ಸ್ಕೇಲ್ ಹಾಕಿಕೊಂಡರೆ ಆ ತಲೆನೋವಿಲ್ಲ, ಇಂಟರ್ನೆಟ್ಟಿಗೆ ಯಾವ ಬಾಗಿಲನ್ನೂ ತೆರೆದಿಡಬೇಕಾಗಿಲ್ಲ.

ಮಿರರ್ ಇದ್ದರೆ ಬ್ಯಾಕಪ್ ಬೇಡ ಅಂದುಕೊಳ್ಳಬೇಡಿ, ಒಂದೇ ಸಿಡಿಲಿಗೆ ಎರಡೂ ಡಿಸ್ಕು ಹೋಗಬಹುದು. ಮೈಸೂರಿನ ತಂಗಿಯ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಒಂದು ಮೂಲೆಯಲ್ಲಿದೆ. ಮೊದಲ ಪ್ರತಿ ಅಲ್ಲಿಗೆ ಹೋಗಿದ್ದು ನೆಟ್ಟಿನಲ್ಲಲ್ಲ. ಡಿಸ್ಕನ್ನು ಇಲ್ಲೇ ತುಂಬಿಸಿ, ಬಟ್ಟೆ ಸುತ್ತಿ, ಬಸ್ಸಿನಲ್ಲಿ ಒಯ್ದೆ. ಆಮೇಲಿಂದ ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್‌ನಲ್ಲಿ (ಡಿಸ್ಕಿನ ಆ ಹೊತ್ತಿನ ಸ್ಥಿತಿಯ ಗುರುತು) ಬದಲಾದಷ್ಟು ಭಾಗ ಮಾತ್ರ ಹೋಗುತ್ತದೆ, ಹತ್ತಾರು ಎಂಬಿ ಅಷ್ಟೇ, ಯಾವ ನಿಧಾನದ ಸಂಪರ್ಕದಲ್ಲೂ ಸಾಗುತ್ತದೆ. ಮಳೆಗಾಲದಲ್ಲಿ ಎರಡು ಮೂರು ದಿನ ನಿಂತರೂ ಕರೆಂಟು ಬಂದ ಮೇಲೆ ಬಾಕಿ ಇರುವುದನ್ನೆಲ್ಲ ಒಟ್ಟಿಗೆ ಕಳಿಸುತ್ತದೆ. ತಂಗಿಗೆ ಹೇಳಿರುವುದು ಒಂದೇ ಕೆಲಸ: ತಿಂಗಳಿಗೊಮ್ಮೆ ಯಾವುದಾದರೂ ಒಂದು ಪ್ರಸಂಗವನ್ನು ಆ ಪ್ರತಿಯಿಂದ ಹಾಕಿ ಕೇಳಿ, ಸರಿಯಾಗಿ ಓಡುತ್ತದೆಯೇ ಅಂತ ನನಗೆ ಫೋನ್ ಮಾಡಬೇಕು.